ಬೆಳಗಾವ್ಯಾಗ ಕುಂತು ಸಿನಿಮಾ ಪ್ಯಾಕೇಜ್ ಮಾಡೋರಿಗೆ ಆ್ಯಪಲ್ ಕಂಪ್ರೆಸರ್ ಹೆಂಗೈತಿ

ಮೊದ್ಲ ಹೇಳಿಬಿಡ್ತೀನಿ, ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಸಣ್ಣ ಬಜೆಟ್ಟಿನ್ಯಾಗ ಸಿನಿಮಾ ಮಾಡಿ ಅದನ್ನ ಐಟ್ಯೂನ್ಸ್ ಸ್ಟೋರಿಗೆ, ಅಂದ್ರ ಈಗಿನ ಆ್ಯಪಲ್ ಟಿವಿ ಆ್ಯಪಿನ್ಯಾಗ ಬಾಡಿಗಿಗೆ ಇಲ್ಲಾ ಮಾರಾಟಕ್ಕ ಇಡಬೇಕು ಅನ್ನೋರು ಇದ್ರ, ಕಂಪ್ರೆಸರ್ ತಗೋರಿ. ಆದ್ರ ಅದು ಏನು ಮಾಡ್ತೈತಿ, ಏನು ಮಾಡಂಗಿಲ್ಲ ಅಂತ ತಿಳಕೊಂಡು ತಗೋರಿ. ಸಿನಿಮಾದ ಕಟ್ಟಕಡೀ ಫೈಲು ಊರಾಗ, ನಮ್ಮ ಕಣ್ಣ ಮುಂದ ತಯಾರಾಗ್ತೈತಿ ಅನ್ನೋದು ಇದರ ದೊಡ್ಡ ಲಾಭ ಅಂತ ನನಗನಸ್ತೈತಿ, ರೊಕ್ಕ ಉಳಿಯೂದು ಆಮ್ಯಾಲಿಂದು. ಯಾಕಂದ್ರ ನಮ್ಮ ಕಡೀ ಸಿನಿಮಾಕ್ಕ ಏನಾಗ್ತೈತಿ ನೋಡ್ರಿ, ಶೂಟಿಂಗ್ ಬಾದಾಮಿಯಾಗ, ಎಡಿಟ್ ಬೆಳಗಾವ್ಯಾಗ, ಡಬ್ಬಿಂಗ್ ಹುಬ್ಬಳ್ಳ್ಯಾಗ, ಕಲರ್ ಬೆಂಗಳೂರಾಗ, ಕೊನೀಗೆ ಪ್ಯಾಕೇಜ್, ಅಂದ್ರ ಸ್ಟೋರಿಗೆ ಕಳಸೋ ಫೈಲುಗಳ ಕಟ್ಟು, ಅನ್ನೂದನ್ನ ಯಾರೋ ಎಲ್ಲೋ ಕುಂತು ಮಾಡಿ ಕಳಸಿಬಿಡ್ತಾರ, ಜನ ದುಡ್ಡು ಕೊಟ್ಟು ನೋಡೋ ಆ ಫೈಲನ್ನ ಡೈರೆಕ್ಟರ್ ಒಮ್ಮೆನೂ ಪೂರಾ ನೋಡಿರಂಗಿಲ್ಲ.

ಕಂಪ್ರೆಸರ್ ಅಂದ್ರ ಆ್ಯಪಲ್‌ದೇ ಎನ್‌ಕೋಡಿಂಗ್ ಆ್ಯಪ್, ಅಂದ್ರ ವಿಡಿಯೋ ಫೈಲನ್ನ ಬೇಕಾದ ನಮೂನಿಗೆ ಬದಲಾಯಿಸೋ ಆ್ಯಪ್, ಮ್ಯಾಕ್ ಆ್ಯಪ್ ಸ್ಟೋರಿನ್ಯಾಗ ಸಿಗ್ತೈತಿ, ಅಮೆರಿಕಾದಾಗ ಅದರ ರೇಟು 49.99 ಡಾಲರ್, ಒಮ್ಮೆ ಕೊಂಡ್ರ ನಿಮ್ಮದ, ತಿಂಗಳಾ ತಿಂಗಳಾ ಕಟ್ಟೂದು ಇಲ್ಲ. ಐಟ್ಯೂನ್ಸ್ ಸ್ಟೋರ್ ಪ್ಯಾಕೇಜ್ ಮಾಡೋ ಸೌಲಭ್ಯ 2015ರಾಗ 4.2 ವರ್ಷನ್ ಬಂದಾಗ ಸೇರ್ಕೊಂತು. ಮ್ಯಾಕ್ ಮ್ಯಾಲೆ ಅಷ್ಟ ನಡೀತೈತಿ, ವಿಂಡೋಸ್ ಮ್ಯಾಲೆ ಇಲ್ಲ. ಆ್ಯಪಲ್‌ನ ಎಡಿಟಿಂಗ್ ಆ್ಯಪ್ ಫೈನಲ್ ಕಟ್ ಇರಾಕಬೇಕು ಅಂತೇನಿಲ್ಲ, ಪ್ರೀಮಿಯರ್, ಡಾವಿಂಚಿಯಂಥ ಬ್ಯಾರೆ ಎಡಿಟಿಂಗ್ ಆ್ಯಪಿನೊಳಗ ಕಟ್ ಮಾಡಿದ್ದನ್ನ ಪ್ರೋರೆಸ್ (ಎಡಿಟಿಂಗ್ ಕೆಲಸಕ್ಕ ಆ್ಯಪಲ್ ಮಾಡಿದ, ಗುಣಮಟ್ಟ ಉಳಸೋ ವಿಡಿಯೋ ನಮೂನಿ) ಮಾಡಿ ತಂದ್ರೂ ತಗೋತೈತಿ. ನಮ್ಮ ಕಡೆ ಭಾಳಷ್ಟು ಎಡಿಟರ್‌ಗೋಳು ವಿಂಡೋಸ್ ಮ್ಯಾಲೇ ಪ್ರೀಮಿಯರ್ ಬಡಿಯೋರು, ಅವರಿಗೆ ಒಂದು ಛಲೋ ಸುದ್ದಿ ಅಂದ್ರ 2018ರ ಕೊನೀಗೆ ಪ್ರೀಮಿಯರ್ ವಿಂಡೋಸ್‌ನ್ಯಾಗೂ ಪ್ರೋರೆಸ್ ಎಕ್ಸ್‌ಪೋರ್ಟ್ ಕೊಟ್ಟೈತಿ, ಹಂಗಾಗಿ ಎಡಿಟ್ ಮಶಿನ್ ಬದಲಾಯಿಸೋ ಜರೂರು ಇಲ್ಲ, ಪ್ಯಾಕೇಜ್ ಮಾಡೋ ಟೈಮಿಗೆ ಒಂದು ಮ್ಯಾಕ್ ಮಿನಿ ಸಿಕ್ರ ಸಾಕು. ಎಂ2 ಚಿಪ್‌ನ ಮಿನಿ ಇದ್ರ ಇನ್ನೂ ಛಲೋ, ಅದರಾಗ ಪ್ರೋರೆಸ್‌ಗಂತನ ಬ್ಯಾರೆ ಹಾರ್ಡ್‌ವೇರ್ ಐತಿ, ಸಾದಾ ಎಂ1ದಾಗ ಅದು ಇಲ್ಲ.

ಈಗ ಪ್ಯಾಕೇಜ್ ಅಂದ್ರೇನು ಅಂತ. ಹೊಸಬರು ಒಂದು ದೊಡ್ಡ ವಿಡಿಯೋ ಫೈಲ್ ಕಳಿಸಿದ್ರ ಮುಗೀತು ಅನ್ಕೋತಾರ, ಹಂಗಲ್ಲ. ಅದೊಂದು ಫೋಲ್ಡರು, ಹೆಸರಿನ ಕೊನೀಗೆ ಐಟಿಎಂಎಸ್‌ಪಿ ಅಂತ ಇರ್ತೈತಿ, ಒಳಗ ಪೂರಾ ಸಿನಿಮಾ, ಟ್ರೇಲರು, ಸಬ್‌ಟೈಟಲ್ ಫೈಲು, ಕಿವಿ ಕೇಳಲಾರದವರಿಗೆ ಅಂತ ಇರೋ ಕ್ಲೋಸ್ಡ್ ಕ್ಯಾಪ್ಶನ್ ಫೈಲು, ಮತ್ತ ಇವೆಲ್ಲಾ ಯಾವು, ಯಾವ ಭಾಷೀವು, ಎಷ್ಟು ಸೈಜಿನವು ಅಂತ ಬರೆದ ಒಂದು ಎಕ್ಸ್‌ಎಂಎಲ್ ಮೆಟಾಡೇಟಾ ಫೈಲು. ಆ ಎಕ್ಸ್‌ಎಂಎಲ್‌ದಾಗ ಪ್ರತಿಯೊಂದು ಫೈಲಿಗೂ ಒಂದು ಎಂಡಿ5 ಚೆಕ್‌ಸಮ್, ಅಂದ್ರ ಆ ಫೈಲಿನಿಂದನ ಲೆಕ್ಕ ಹಾಕಿ ತಗದ ಗುರುತಿನ ನಂಬರ್, ಇರ್ತೈತಿ, ಫೈಲಿನೊಳಗ ಒಂದು ಬೈಟ್ ಬದಲಾದ್ರೂ ಆ ನಂಬರ್ ಹೊಂದಂಗಿಲ್ಲ. ಅದಕ್ಕ ಪ್ಯಾಕೇಜ್ ಆದ ಮ್ಯಾಲೆ ಒಳಗ ಕೈ ಹಾಕಿ ಹಳೇ ಟ್ರೇಲರ್ ತಗದು ಹೊಸದು ಇಡೂದು, ಫೈಲ್ ಹೆಸರು ಬದಲಾಯಿಸೂದು ಮಾಡಬ್ಯಾಡ್ರಿ. ಏನಾರ ಬದಲಾತು ಅಂದ್ರ ಮತ್ತ ಕಂಪ್ರೆಸರ್‌ನಿಂದನ ಪ್ಯಾಕೇಜ್ ತಗೀರಿ. ಕೈಲೇ ಎಕ್ಸ್‌ಎಂಎಲ್ ಬರೆಯೋ ಗಂಡಸ್ತನ ತೋರಸ್ತಾರಲ್ಲ ಕೆಲವರು, ಬರೀಬಹುದು, ಆದ್ರ ಈ ಆ್ಯಪ್ ಅದನ್ನ ತಾನ ಬರದು ಕೊಡೋವಾಗ ಯಾಕ ಆ ತ್ರಾಸ.

ಆ್ಯಪಿನ್ಯಾಗ ಕೆಲಸ ಮಾಡೂದು ಅಂಥಾ ಕಠಿಣ ಏನಿಲ್ಲ. ಹೊಸಾ ಸ್ಟೋರ್ ಪ್ಯಾಕೇಜ್ ತಗದು, ಸಿನಿಮಾ ಇಲ್ಲಿ, ಟ್ರೇಲರ್ ಇಲ್ಲಿ, ಸಬ್‌ಟೈಟಲ್ ಇಲ್ಲಿ ಅಂತ ಜಾಗಾ ಇರ್ತಾವು, ಎಳೆದು ಹಾಕೂದು, ಭಾಷಾ ಆರಿಸೂದು, ವೆಂಡರ್ ಐಡಿ, ಅಂದ್ರ ನಿಮ್ಮ ಸಿನಿಮಾದ ಗುರುತಿನ ಕೋಡ್, ತುಂಬೂದು. ಸ್ಟೋರಿನ ನಿಯಮಕ್ಕ ಹೊಂದಲಾರದ್ದು ಏನಾರ ಇದ್ರ ತಾನ ಎಚ್ಚರಿಕಿ ಕೊಡ್ತೈತಿ. ಇದು ನನಗ ಭಾಳ ಸೇರಿದ ಗುಣ, ಯಾಕಂದ್ರ ಇದೇ ತಪ್ಪು ಫೈಲ್ ಕಳಿಸಿದ ಮ್ಯಾಲೆ ಅಲ್ಲಿಂದ ರಿಜೆಕ್ಟ್ ಆಗಿ ಬಂದ್ರ ಮತ್ತೊಮ್ಮೆ ಅಷ್ಟು ದೊಡ್ಡ ಫೈಲ್ ಕಳಸೂದು, ಕೆಲವು ಕಡೆ ಮತ್ತೊಮ್ಮೆ ಫೀಸ್ ಕಟ್ಟೂದು, ಬಿಡುಗಡೆ ತಾರೀಖು ಮುಂದ ಹೋಗೂದು. ಆದ್ರ ಈ ತಪಾಸಣಿಗೆ ಒಂದು ಮಿತಿ ಐತಿ, ಅದು ಫೈಲಿನ ಲೆಕ್ಕ ನೋಡ್ತೈತಿ, ಸಿನಿಮಾ ನೋಡಂಗಿಲ್ಲ. ನಡುವ ಎಲ್ಲೋ ಒಂದು ಫ್ರೇಮ್ ಕರ್ರಗ ಬಂದಿದ್ರ, ಹಾಡಿನ್ಯಾಗ ಎಡಗಡೆ ಸ್ಪೀಕರ್ ಸತ್ತಿದ್ರ ಅದಕ್ಕ ತಿಳಿಯಂಗಿಲ್ಲ. ಅದನ್ನ ಹೆಡ್‌ಫೋನ್ ಹಾಕ್ಕೊಂಡು ಮೊದಲಿಂದ ಕೊನೀತನಾ ಮನಷ್ಯಾನ ನೋಡಬೇಕು.

ಇನ್ನ ಮುಖ್ಯ ಮಾತು, ಪ್ರೋರೆಸ್. ಸ್ಟೋರ್ ಕೇಳೂದು ಪ್ರೋರೆಸ್ 422 ಎಚ್‌ಕ್ಯೂ. ನಮ್ಮ ಕಡೆ ಏನು ಮಾಡ್ತಾರಂದ್ರ ಎಡಿಟರು ಯೂಟ್ಯೂಬ್‌ಗೆ ಹಾಕಾಕ ತಗದ ಎಂಪಿ4 ಫೈಲನ್ನ ಕಂಪ್ರೆಸರ್‌ದಾಗ ಹಾಕಿ ಪ್ರೋರೆಸ್ ಮಾಡಿಬಿಡ್ತಾರ. ಫೈಲ್ ದೊಡ್ಡದಾಗ್ತೈತಿ, ಆ್ಯಪ್ ಸುಮ್ಮನ ತಗೋತೈತಿ, ಲೆಕ್ಕದ ಪ್ರಕಾರ ಎಲ್ಲಾ ಬರೋಬರಿ, ಆದ್ರ ಒಮ್ಮೆ ಹೋದ ಬಣ್ಣ ತಿರುಗಿ ಬರಂಗಿಲ್ಲ. ಸಾಮಾನ್ಯವಾಗಿ ಎಚ್.264 ಎಂಪಿ4 ಅಂದ್ರ 8 ಬಿಟ್, ಪ್ರೋರೆಸ್ 422 ಎಚ್‌ಕ್ಯೂ 10 ಬಿಟ್, 4:2:2, ಅಂದ್ರ ಬಣ್ಣದ ವಿವರ ಅದರಾಗ ಭಾಳ ಜಾಸ್ತಿ. ಈ ಫರಕು ಎಲ್ಲಿ ಕಾಣ್ತೈತಿ ಅಂದ್ರ ಬಾದಾಮಿ ಅಗಸ್ತ್ಯ ತೀರ್ಥದ ದಂಡಿಗೆ ಹೊತ್ತು ಮುಳಗೋವಾಗ ತಗದ ಶಾಟ್‌ನ್ಯಾಗ ನೋಡ್ರಿ, ಮ್ಯಾಲಿನ ಆಕಾಶ ಕೇಸರಿಯಿಂದ ನೀಲಿಗೆ ಸರೀತಿರ್ತೈತಿ, ಎಂಪಿ4ದಿಂದ ಮಾಡಿದ್ರಾಗ ಅಲ್ಲಿ ಪಟ್ಟಿ ಪಟ್ಟಿ ಕಾಣ್ತೈತಿ, ಆ ಕೆಂಪು ಮರಳುಗಲ್ಲಿನ ಗುಡ್ಡದ ನೆರಳಿನ ಭಾಗ ಗಡ್ಡಿಗಡ್ಡಿ ಆಗಿಬಿಡ್ತೈತಿ, ಮತ್ತ ಸ್ಟೋರಿನವರು ಅದರ ಮ್ಯಾಲೆ ತಮ್ಮ ಎನ್‌ಕೋಡ್ ಮತ್ತೊಮ್ಮೆ ಮಾಡೋದ್ರಿಂದ ದೊಡ್ಡ ಟಿವಿಯಾಗ ಇನ್ನೂ ಎದ್ದು ಕಾಣ್ತೈತಿ. ಅಷ್ಟು ದೂರ ಕ್ಯಾಮೆರಾ ಹೊತಗೊಂಡು ಹೋಗಿ, ಬೆಳಕಿಗೆ ಕಾದು ಕುಂತು ತಗದ ಶಾಟು ಒಂದು ಸೋಮಾರಿ ಎಕ್ಸ್‌ಪೋರ್ಟಿನಿಂದ ಹಾಳಾದ್ರ ನನಗ ಖರೇನ ಸಿಟ್ಟು ಬರ್ತೈತಿ. ಎಡಿಟಿಂಗ್ ಆ್ಯಪಿನ ಟೈಮ್‌ಲೈನ್‌ನಿಂದ ಸೀದಾ ಪ್ರೋರೆಸ್ 422 ಎಚ್‌ಕ್ಯೂ ತಗಸ್ರಿ, ಎಡಿಟರ್ ಬ್ಯಾಡ ಅಂದ್ರ ಮುಂದ ಕುಂತು ತಗಸ್ರಿ.

ಸೈಜಿನ ಲೆಕ್ಕ ಮೊದಲ ಹಾಕ್ಕೋರಿ. ಆ್ಯಪಲ್‌ನವರ ಪಟ್ಟಿ ಪ್ರಕಾರ 1920 x 1080, 24 ಫ್ರೇಮಿಗೆ ಪ್ರೋರೆಸ್ 422 ಎಚ್‌ಕ್ಯೂ ಸೆಕೆಂಡಿಗೆ 176 ಮೆಗಾಬಿಟ್, ಅಂದ್ರ ತಾಸಿಗೆ ಸುಮಾರು 79 ಜಿಬಿ, ಎರಡು ತಾಸಿನ ಸಿನಿಮಾ ಅಂದ್ರ 160 ಜಿಬಿ ಹತ್ರ. 3840 x 2160 ಆದ್ರ ತಾಸಿಗೆ 318 ಜಿಬಿ. ಮಾಸ್ಟರ್, ಅಂದ್ರ ಮೂಲ ಪ್ರೋರೆಸ್ ಫೈಲು, ಒಂದು, ಪ್ಯಾಕೇಜ್ ಒಂದು, ಬ್ಯಾಕಪ್ ಒಂದು ಅಂತ ಮೂರು ಕಡೆ ಇಡಬೇಕು ಅಂದ್ರ 256 ಜಿಬಿ ಮಿನಿ ಒಳಗ ಕುಂದ್ರಂಗಿಲ್ಲ, ಹೊರಗಿನ ಎಸ್‌ಎಸ್‌ಡಿ ಬೇಕಬೇಕು. ಡ್ರೈವ್ ಎಫ್‌ಎಟಿ32 ಇದ್ರ 4 ಜಿಬಿ ಮ್ಯಾಲಿನ ಫೈಲ್ ಹೋಗಂಗಿಲ್ಲ, ಎನ್‌ಟಿಎಫ್‌ಎಸ್ ಇದ್ರ ಮ್ಯಾಕ್ ಓದ್ತೈತಿ ಬರಿಯಂಗಿಲ್ಲ, ವಿಂಡೋಸ್‌ನಿಂದ ಮ್ಯಾಕ್‌ಗೆ ಓಡ್ಯಾಡೋ ಡ್ರೈವ್‌ನ ಎಕ್ಸ್‌ಫ್ಯಾಟ್ ಮಾಡ್ಕೋರಿ. ಅಪ್‌ಲೋಡ್ ಬಗ್ಗೆನೂ ಹೇಳ್ತೀನಿ, ನಿಮ್ಮ ಲೈನಿನ ಅಪ್‌ಲೋಡ್ ಖರೇನ 100 ಎಂಬಿಪಿಎಸ್ ಸಿಕ್ರ 160 ಜಿಬಿಗೆ ಮೂರೂವರಿ ತಾಸು, 20 ಎಂಬಿಪಿಎಸ್ ಇದ್ರ ಹದಿನೆಂಟು ತಾಸು ಹತ್ರ. ಬೆಳಗಾವಿ ಮಳಿಗಾಲದಾಗ ಅಷ್ಟೊತ್ತು ಕರೆಂಟು, ಲೈನು ಎರಡೂ ನಿಲ್ಲಬೇಕು. ಯುಪಿಎಸ್ ರೌಟರ್‌ಗೂ ಹಾಕ್ರಿ, ಬರೇ ಕಂಪ್ಯೂಟರ್‌ಗೆ ಹಾಕಿದ್ರ ಉಪಯೋಗಿಲ್ಲ. ಅಥವಾ ಡ್ರೈವ್ ಕೊರಿಯರ್ ಮಾಡಿದ್ರ ತಗೋತೀರೇನ್ರಿ ಅಂತ ಡೆಲಿವರಿಯವರನ್ನ, ಅಂದ್ರ ನಿಮ್ಮ ಪ್ಯಾಕೇಜ್ ಆ್ಯಪಲ್‌ಗೆ ಮುಟ್ಟಿಸೋ ನಡುವಿನವರನ್ನ, ಕೇಳ್ರಿ.

ಫ್ರೇಮ್ ರೇಟ್, ಅಂದ್ರ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೂದು. ಇದೊಂದು ನಮ್ಮ ಕಡೆ ಭಾಳ ಮಂದಿನ್ನ ಕಾಡೋದು. ಥಿಯೇಟರಿಗೆ 24 ಮಾಡಿರ್ತಾರ, ಟಿವಿಗೆ ಅಂತ 25 ತಗದಿರ್ತಾರ, ಕ್ಯಾಮೆರಾದಾಗ 23.976 ಇರ್ತೈತಿ, ಅದನ್ನ ಎಲ್ಲಾರೂ 24 ಅಂತನ ಬಾಯ್ಲೆ ಹೇಳ್ತಾರ. ಸ್ಟೋರಿಗೆ ಸಿನಿಮಾ ಯಾವ ರೇಟಿನ್ಯಾಗ ಹುಟ್ಟೈತೋ ಅದೇ ರೇಟಿನ್ಯಾಗ ಕೊಡಬೇಕು, ನಡುವ ಬದಲಾಯಿಸಿದ್ದು ಬ್ಯಾಡ. 24ಕ್ಕೂ 23.976ಕ್ಕೂ ಏನು ಮಹಾ ಫರಕು ಅನ್ನಬ್ಯಾಡ್ರಿ, ಸಾವಿರಕ್ಕ ಒಂದು ಪಾಲು, ಎರಡು ತಾಸಿನ ಸಿನಿಮಾದ ಕೊನೀಗೆ ಅದು ಏಳು ಸೆಕೆಂಡ್ ಆಗ್ತೈತಿ. ಸಬ್‌ಟೈಟಲ್ ಮಾಡೋರಿಗೆ 24ರ ಪ್ರೂಫ್ ಕಾಪಿ ಕೊಟ್ಟು ಮಾಸ್ಟರ್ 23.976 ತಗದ್ರ, ಮೊದಲ ಹತ್ತು ನಿಮಿಷ ನೋಡಿದೋರಿಗೆ ಎಲ್ಲಾ ಸರಿ ಐತಿ ಅನಸ್ತೈತಿ, ಕ್ಲೈಮ್ಯಾಕ್ಸಿಗೆ ಬಂದಾಗ ಅವ್ವ ಅಳೋ ಮಾತು ಮಗ ಬಾಯಿ ತಗದಾಗ ಬರ್ತೈತಿ. ಕಂಪ್ರೆಸರ್ ಎಚ್ಚರಿಕಿ ಕೊಡ್ತೈತಿ ಅಂತ ನಂಬಿ ಕುಂದ್ರಬ್ಯಾಡ್ರಿ, ಕೊನೀ ಐದು ನಿಮಿಷ ಸಬ್‌ಟೈಟಲ್ ಜೋಡಿ ಹಾಕಿ ನೋಡ್ರಿ, ಅಲ್ಲಿ ಹೊಂದಿದ್ರ ಬಹುತೇಕ ಎಲ್ಲಾ ಕಡೆ ಹೊಂದಿರ್ತೈತಿ.

ಸ್ಕೋಪ್‌ನ್ಯಾಗ ತಗದೋರು, ಅಂದ್ರ ಚಿತ್ರದ ಅಗಲ ಎತ್ತರದ 2.39 ಪಟ್ಟು, ಮ್ಯಾಲೆ ಕೆಳಗ ಕರೀ ಪಟ್ಟಿ ಇರ್ತಾವಲ್ಲ, 1080ದಾಗ ಚಿತ್ರ ಇರೂದು ಸುಮಾರು 804 ಗೆರಿ, ಮ್ಯಾಲೆ 138 ಕೆಳಗ 138 ಖಾಲಿ. ಅಷ್ಟು ಕತ್ತರಿಸ್ರಿ ಅಂತ ಮೆಟಾಡೇಟಾದಾಗ ಕ್ರಾಪ್ ನಂಬರ್ ಹೋಗಬೇಕು. ಕ್ರೆಡಿಟ್ಸ್ ಬರೋವಾಗ ಅಕ್ಷರ ಆ ಪಟ್ಟಿ ಮ್ಯಾಲೆ ಹತ್ತಿರಬಾರದು, ಅದೊಂದು ನೋಡ್ಕೋರಿ.

ಈಗ ಸಬ್‌ಟೈಟಲ್, ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ. ಫಿಲ್ಮ್ ಫೆಸ್ಟಿವಲ್‌ಗೆ ಅಂತ ಇಂಗ್ಲಿಷ್ ಸಾಲು ಚಿತ್ರದ ಮ್ಯಾಲೇ ಅಚ್ಚೊತ್ತಿ ತಗದ ಕಾಪಿ ಭಾಳ ಮಂದಿ ಕಡೆ ಇರ್ತೈತಿ, ಅದನ್ನ ಸ್ಟೋರಿಗೆ ಕೊಟ್ರ ನಡಿಯಂಗಿಲ್ಲ, ಸಿನಿಮಾ ಸ್ವಚ್ಛ ಇರಬೇಕು, ಸಬ್‌ಟೈಟಲ್ ಬ್ಯಾರೆ ಫೈಲಿನ್ಯಾಗ ಇರಬೇಕು. ಆ ಫೈಲ್ ಐಟಿಟಿ ಅನ್ನೋ ನಮೂನಿದು. ಕ್ಲೋಸ್ಡ್ ಕ್ಯಾಪ್ಶನ್‌ದು ಬ್ಯಾರೆ, ಎಸ್‌ಸಿಸಿ, ಅದು ಅಮೆರಿಕಾದ ಸಿಇಎ-608 ಪದ್ಧತೀದು, ಅದರಾಗ ರೋಮನ್ ಅಕ್ಷರ ಬರ್ತಾವು, ಕನ್ನಡ ಲಿಪಿ ಬರಂಗಿಲ್ಲ. ಕಿವಿ ಕೇಳಲಾರದ ನಮ್ಮ ಮಂದಿಗೂ ಕನ್ನಡದಾಗ ಸಾಲು ಹಾಕಬೇಕು ಅನ್ನೋ ಆಸೆ ಇದ್ರ, ನನ್ನ ಕೇಳಿದ್ರ ಇರಬೇಕು, ಐಟಿಟಿ ಹಿಡಕೋರಿ, ಅದು ಯೂನಿಕೋಡ್, ಅಂದ್ರ ಕನ್ನಡದಂಥ ಲಿಪಿಗೂ ತಮ್ಮದ ಕೋಡ್ ಇರೋ ಪದ್ಧತಿ. ಕನ್ನಡ ಸಾಲನ್ನ ಸ್ಟೋರ್ ತಗೋತೈತೇನು ಅಂತ ಡೆಲಿವರಿಯವರ ಕಡೆ ಮೊದಲ ಕೇಳ್ಕೋರಿ. ಫೈನಲ್ ಕಟ್ ಪ್ರೊದಾಗ 2018ರಿಂದ ಐಟಿಟಿ ಕ್ಯಾಪ್ಶನ್ ಬರೆಯೋ ಸೌಲಭ್ಯ ಐತಿ, ಅದೇ ವರ್ಷದ ಕೊನೀಗೆ ಎಸ್‌ಆರ್‌ಟಿ ಅನ್ನೋ ಇನ್ನೊಂದು ಸಬ್‌ಟೈಟಲ್ ನಮೂನಿನೂ ಬಂತು.

ಕನ್ನಡ ಸಾಲು ಟೈಪ್ ಮಾಡಿಸೋರಿಗೆ ಒಂದು ಮಾತು. ನಮ್ಮ ಊರಿನ ಡಿಟಿಪಿ ಅಂಗಡ್ಯಾಗ ಕೊಟ್ರ ಹಳೇ ನುಡಿ ಫಾಂಟಿನ್ಯಾಗ ಪಟಪಟ ಹೊಡದು ಕೊಡ್ತಾರ, ಅವರ ಕಂಪ್ಯೂಟರ್‌ದಾಗ ಸ್ವಚ್ಛ ಕನ್ನಡ ಕಾಣ್ತೈತಿ, ಮ್ಯಾಕ್‌ಗೆ ತಂದ್ರ ಚಿಹ್ನಿ ಚಿಹ್ನಿ. ಯಾಕಂದ್ರ ಹಳೇ ನುಡಿ, ಶ್ರೀಲಿಪಿ ಇವು ಇಂಗ್ಲಿಷ್ ಅಕ್ಷರದ ಜಾಗಾದಾಗ ಕನ್ನಡದ ಚಿತ್ರ ಕುಂದ್ರಿಸಿದ್ವು, ಖರೇ ಕನ್ನಡ ಕೋಡ್ ಅಲ್ಲ. ಯೂನಿಕೋಡ್‌ನ್ಯಾಗ ಟೈಪ್ ಮಾಡ್ರಿ ಅಂತ ಮೊದಲ ಹೇಳ್ರಿ, ಇಲ್ಲಾಂದ್ರ ಪರಿವರ್ತಕದಾಗ ಹಾಕಿ ಆಮ್ಯಾಲೆ ಒತ್ತಕ್ಷರ, ಅರ್ಕಾವತ್ತು ಒಂದೊಂದಾಗಿ ನೋಡಬೇಕಾಗ್ತೈತಿ. ಮುಗಿದ ಮ್ಯಾಲೆ ಒಂದು ಐಫೋನ್‌ನ್ಯಾಗ, ಒಂದು ಟಿವಿಯಾಗ ಓದಿ ನೋಡ್ರಿ, ಎರಡು ಸಾಲಿನ ನಡುವ ಒತ್ತಕ್ಷರ ಕೆಳಗಿನ ಸಾಲಿಗೆ ಬಡದಿರ್ತಾವು ಕೆಲವೊಮ್ಮೆ.

ಇಂಗ್ಲಿಷ್ ಸಾಲಿನ ಕಥಿನೂ ಹೇಳಬೇಕು. ನನ್ನ ದೋಸ್ತ ಒಬ್ಬಾಂವ ಜಮಖಂಡಿ ಕಡೀ ಮಾತಿನ್ಯಾಗ ಸಿನಿಮಾ ಮಾಡಿದ್ದ, ಸಬ್‌ಟೈಟಲ್ಲು, ಪ್ಯಾಕೇಜು ಎರಡೂ ದೂರದ ಒಂದು ಕಡೆ ಒಟ್ಟಿಗೆ ಕೊಟ್ಟಿದ್ದ, ಅವರಿಗೆ ತಿಳೀಲಾರದ ಮಾತು ಬಂದಲ್ಲೆಲ್ಲಾ ಸಾಲನ್ನ ಬಿಟ್ಟಬಿಟ್ಟಿದ್ರು, ಮುದುಕಿ ಎರಡು ನಿಮಿಷ ಮಾತಾಡ್ತಾಳ, ಕೆಳಗ ಮೂರೇ ಸಾಲು. ಯಾರೂ ಬೇಕಂತ ಮಾಡಿದ್ದಲ್ಲ ಅದು, ಅವರಿಗೆ ಆ ಮಾತು ಗೊತ್ತಿಲ್ಲ ಅಷ್ಟ. ಆದ್ರ ಪ್ಯಾಕೇಜ್ ಇಲ್ಲೇ ಮಾಡಿದ್ರ ಆ ಮಾತು ಗೊತ್ತಿರೋ ಒಬ್ಬ ಹೈಸ್ಕೂಲ್ ಮಾಸ್ತರನ್ನ, ಒಬ್ಬಾಕಿ ಇಂಗ್ಲಿಷ್ ಎಂಎ ಓದೋ ಹುಡುಗೀನ್ನ ಬಾಜೂಕ ಕುಂದ್ರಿಸ್ಕೊಂಡು ಸಾಲು ಸಾಲು ಸರಿ ಮಾಡಬಹುದು, ತಪ್ಪು ಕಂಡ್ರ ಅವತ್ತ ತಿದ್ದಿ ಅವತ್ತ ಹೊಸಾ ಪ್ಯಾಕೇಜ್ ತಗೀಬಹುದು. ಕಂಪ್ರೆಸರ್ ತಗೋರಿ ಅಂತ ನಾ ಹೇಳಾಕ ಅರ್ಧ ಕಾರಣ ಇದ. ನಮ್ಮ ಮಾತು ತಿಳಿದೋರ ಕೈಯಾಗ ಕೊನೀ ಫೈಲ್ ಇರಬೇಕು.

ಆಡಿಯೋ. 48 ಕಿಲೋಹರ್ಟ್ಸ್, ಕಂಪ್ರೆಸ್ ಮಾಡಲಾರದ ಪಿಸಿಎಂ. ಥಿಯೇಟರಿಗೆ ಅಂತ 5.1 ಮಿಕ್ಸ್ ಮಾಡಿಸಿದ್ರ ಸ್ಟೋರಿಗೂ 5.1 ಕೊಡಬೇಕು, ಜೋಡಿ ಸ್ಟೀರಿಯೋನೂ ಇರಬೇಕು. ಚಾನೆಲ್ ಸಾಲು ಹಿಂಗ: ಎಡ, ಬಲ, ನಡು, ಎಲ್‌ಎಫ್‌ಇ (ಗುಡುಗಿನಂಥ ದಪ್ಪ ಸದ್ದಿನ ಚಾನೆಲ್), ಹಿಂದಿನ ಎಡ, ಹಿಂದಿನ ಬಲ. ಮಿಕ್ಸಿಂಗ್ ಸ್ಟುಡಿಯೋದಿಂದ ಆರು ಬ್ಯಾರೆ ಬ್ಯಾರೆ ವೇವ್ ಫೈಲ್ ಬರ್ತಾವು, ಕೆಲವರು ನಡು ಚಾನೆಲ್‌ನ ಎರಡನೇದಾಗಿ ಬರದಿರ್ತಾರ, ಅದನ್ನ ನೋಡದ ಜೋಡಿಸಿದ್ರ ಮಾತೆಲ್ಲಾ ಬಲಗಡೆ ಸ್ಪೀಕರಿನಿಂದ ಬರ್ತೈತಿ, ಡೊಳ್ಳಿನ ಗುಡುಗು ಎಲ್‌ಎಫ್‌ಇಗೆ ಹೋಗೂದು ಹಿಂದಿನ ಸ್ಪೀಕರ್‌ಗೆ ಹೋಗ್ತೈತಿ. ಕಂಪ್ರೆಸರ್‌ದಾಗ ಯಾವ ಟ್ರ್ಯಾಕ್ ಯಾವ ಚಾನೆಲ್ ಅಂತ ಹೇಳಬಹುದು, ಆದ್ರ ಒಂದೊಂದು ಚಾನೆಲ್ ಸೋಲೋ ಮಾಡಿ ಕೇಳೂದು ಎಡಿಟಿಂಗ್ ಆ್ಯಪಿನ್ಯಾಗನ ಮುಗಿಸ್ಕೊಂಡು ಬರ್ರಿ.

ಪೋಸ್ಟರು, ಕಥಾಸಾರ, ಕಲಾವಿದರ ಹೆಸರು ಇವನ್ನ ಡೆಲಿವರಿಯವರು ಬ್ಯಾರೆ ಕೇಳ್ತಾರ. ಪೋಸ್ಟರ್ ನಿಂತ ಆಕಾರ, 2:3, 2000 x 3000 ಮಾಡಿ ಇಡ್ರಿ, ಥಿಯೇಟರ್ ಗೋಡಿಗೆ ಹಚ್ಚಿದ್ದ ಪೋಸ್ಟರ್ ಹಂಗಾ ಕೊಡಬ್ಯಾಡ್ರಿ, ಅದರ ಮ್ಯಾಲೆ "ಈ ವಾರ ತೆರೆಗೆ", ವೆಬ್‌ಸೈಟ್, ಪ್ರಾಯೋಜಕರ ಲೋಗೋ ಎಲ್ಲಾ ಇರ್ತಾವು. ಟ್ರೇಲರ್‌ಗೂ ಅದೇ ಮಾತು.

ಈಗ ಕಂಪ್ರೆಸರ್ ಮಾಡಲಾರದ ಕೆಲಸ. ಪ್ಯಾಕೇಜ್ ಆತು ಅಂತ ನೀವ ಸೀದಾ ಆ್ಯಪಲ್‌ಗೆ ಕಳಸಾಕ ಆಗಂಗಿಲ್ಲ. ಆ್ಯಪಲ್ ಒಪ್ಪಿಗಿ ಕೊಟ್ಟ ಎನ್‌ಕೋಡಿಂಗ್ ಹೌಸ್ ಇಲ್ಲಾ ಅಗ್ರಿಗೇಟರ್ ಮುಖಾಂತರ ಹೋಗಬೇಕು, ನಾ ಡೆಲಿವರಿಯವರು ಅಂದದ್ದು ಇವರನ್ನ, ಅವರು ತಮ್ಮ ಅಕೌಂಟಿನಿಂದ ಟ್ರಾನ್ಸ್‌ಪೋರ್ಟರ್ ಅನ್ನೋ ಆ್ಯಪಲ್‌ನ ಅಪ್‌ಲೋಡ್ ಆ್ಯಪ್ ಹಾಕಿ ಕಳಸ್ತಾರ. ಹಂಗಾಗಿ ಆ್ಯಪ್ ಕೊಳ್ಳೂಕಿಂತ ಮೊದಲ ಅವರಿಗೆ ಒಂದು ಮೇಲ್ ಹಾಕಿ ಕೇಳ್ರಿ, ನಾವ ಪ್ಯಾಕೇಜ್ ಮಾಡಿ ತಂದ್ರ ತಗೋತೀರೇನು, ಫೀಸ್ ಎಷ್ಟು ಕಡಿಮಿ ಮಾಡ್ತೀರಿ, ವೆಂಡರ್ ಐಡಿ ನಮೂನಿ ಹೆಂಗಿರಬೇಕು, ಒಂದು ವ್ಯಾಳೆ ರಿಜೆಕ್ಟ್ ಆದ್ರ ಎರಡನೇ ಸಲಕ್ಕ ರೊಕ್ಕ ಎಷ್ಟು. ಕೆಲವರು ಬರೇ ಪ್ರೋರೆಸ್ಸು, ಐಟಿಟಿ ಕೊಡ್ರಿ, ಪ್ಯಾಕೇಜ್ ನಾವ ಮಾಡ್ಕೋತೀವಿ ಅಂತಾರ, ಅಂಥಲ್ಲಿ ಕಂಪ್ರೆಸರ್ ಬೇಕಾಗೂದ ಇಲ್ಲ. ಮತ್ತ ರೊಕ್ಕ ಯಾರ ಕೈಯಿಂದ ಬರ್ತೈತಿ ಅನ್ನೂದನ್ನ ಅಗ್ರಿಮೆಂಟ್‌ದಾಗ ಎರಡು ಸಲ ಓದ್ರಿ. ಅಮೆರಿಕಾದ ಡಿಸ್ಟ್ರಿಬರ್ ಅನ್ನೋ ಅಗ್ರಿಗೇಟರ್ 2019ರಾಗ ಮುಳುಗಿದಾಗ ಎಷ್ಟೋ ಸಣ್ಣ ನಿರ್ಮಾಪಕರಿಗೆ ಬರಬೇಕಾದ ರೊಕ್ಕ ಸಿಕ್ಕಿಬಿತ್ತು, ಸ್ಟೋರಿನವರು ಕೊಟ್ಟಿದ್ರೂ ನಡುವಿನವರು ಮುಟ್ಟಿಸಲಿಲ್ಲ. ಒಪ್ಪಂದ ಮುಗಿದ್ರ ಹಕ್ಕು ತಿರುಗಿ ನಮಗ ಹೆಂಗ ಬರ್ತೈತಿ ಅಂತ ಬರವಣಿಗಿಯಾಗ ಇರಬೇಕು.

ಐದಕ್ಕ ನಾಕು ಕೊಡ್ತೀನಿ. ಒಂದು ಕಡಿಮಿ ಯಾಕಂದ್ರ ಮ್ಯಾಕ್ ಇಲ್ಲದವರಿಗೆ ದಾರಿ ಇಲ್ಲ, ಮತ್ತ ಇದು ಒಂದ ಸ್ಟೋರಿನ ಪ್ಯಾಕೇಜು, ಬ್ಯಾರೆ ಓಟಿಟಿಯವರು ಕೇಳೋ ನಮೂನಿ ಬ್ಯಾರೆ ಇರ್ತಾವು. ವರ್ಷಕ್ಕ ಎರಡು ಮೂರು ಸಿನಿಮಾ, ಕಿರುಚಿತ್ರ ಮಾಡೋ ತಂಡ ಇದ್ರ, ಇಲ್ಲಾ ಬೆಳಗಾವ್ಯಾಗ ಎಡಿಟಿಂಗ್ ರೂಮ್ ಇಟ್ಟೋರು ಇದ್ರ ತಗೊಳ್ಳಾಕಬೇಕು, ಸುತ್ತಿನ ಊರಿನವರಿಗೂ ಮಾಡಿಕೊಡಬಹುದು. ಬರೇ ಒಂದು ಸಿನಿಮಾ, ಅದೂ ವಿಂಡೋಸ್ ಮ್ಯಾಲೆ ಅಂದ್ರ ಬ್ಯಾಡ, ಟೈಮ್‌ಲೈನ್‌ನಿಂದ ಪ್ರೋರೆಸ್ ಎಚ್‌ಕ್ಯೂ, ಬ್ಯಾರೆ ಬ್ಯಾರೆ ಆಡಿಯೋ, ಊರಾಗೇ ಮಾಡಿದ ಸಬ್‌ಟೈಟಲ್ ಇಷ್ಟು ಸ್ವಚ್ಛ ಇಟ್ಕೊಂಡು ಡೆಲಿವರಿಯವರಿಗೆ ಕೊಡ್ರಿ.

ಬಾಗಲಕೋಟಿ, ವಿಜಯಪುರ ಕಡೆ ಯಾರಾರ ಇದರಾಗ ಪ್ಯಾಕೇಜ್ ಮಾಡಿದ್ರ ಕನ್ನಡ ಐಟಿಟಿ ಸ್ಟೋರಿನವರು ಹೆಂಗ ತಗೊಂಡ್ರು ಅಂತ ಬರೀರಿ. ಮತ್ತ ಹುಬ್ಬಳ್ಳಿ-ಬೆಳಗಾವಿ ನಡುವ 5.1 ಮಿಕ್ಸ್ ಛಲೋ ಮಾಡೋರು ಗೊತ್ತಿದ್ರ ಹೇಳ್ರಿ, ಅದೊಂದಕ್ಕ ಇನ್ನೂ ಬೆಂಗಳೂರು ದಾರಿನ ಹಿಡೀಬೇಕಾಗೇತಿ.